ಹುಲಿಗೆಪ್ಪನ ಮೂಗು

ಪುಣೆಯಲ್ಲಿ ಹುಲಿಗೆಪ್ಪನ ಮೂಗಿನಂಥ ಮೂಗು ಇನ್ನೊಂದಿರಲಿಲ್ಲ, ಮುಂದೆ ಹುಟ್ಟುವುದೂ ಇಲ್ಲ. ದೂರದ ಕ್ಯಾಂಪ್ ಪೇಟೆಯ ಬೇಕರಿಯಲ್ಲಿ ಭಟ್ಟಿಯ ಬಾಗಿಲು ತೆರೆದರೆ ಸಾಕು, ನಮ್ಮ ಕೂಲಿಕಾರರ ವಸ್ತಿಯ ಕಟ್ಟೆಯ ಮೇಲೆ ಕೂತೇ ಇವನು ಇವತ್ತು ಖಾರಿ, ಬಿಸ್ಕೀಟಲ್ಲ ಎನ್ನುತ್ತಿದ್ದ. ಘಟ್ಟದ ಮೇಲಿನ ಲೋಣಾವಳದಲ್ಲಿ ಚಿಕ್ಕಿಯ ಬೆಲ್ಲ ಸೀದರೆ ಇಲ್ಲಿ ಸೀನುತ್ತಿದ್ದ. ಈ ಮೂಗು ಇರುವ ತನಕ ನಮ್ಮ ವಸ್ತಿಯ ಒಂದು ಮಗುವೂ ಗುಟ್ಕಾ ಮುಟ್ಟಲಾರದು ಎಂದು ನಾವೆಲ್ಲ ಊರಿಗೆ ಹೋದಾಗಲೂ ಎದೆ ತಟ್ಟಿಕೊಂಡು ಹೇಳಿ ಬರುತ್ತಿದ್ದೆವು.

ಮೂಗಿನ ಯಜಮಾನ ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವನು. ಮುಕಾದಮನಾಗಿ ನಾಲ್ಕು ಮಂದಿಯನ್ನು ದುಡಿಸಿದ. ಒಂದು ದಿನ ಕಟ್ಟಡದ ಮೇಲಿಂದ ಬಿದ್ದು ಮೊಣಕಾಲು ಮುರಿದುಕೊಂಡ. ಬೀಳುವಾಗ ಎರಡನೇ ಅಂತಸ್ತಿನ ಎದುರು ಹಾಯುತ್ತ, ಗಾರೆಯ ಮಾಲಿನಲ್ಲಿ ಸಿಮೆಂಟು ಕಡಿಮೆ ಬಿದ್ದದ್ದನ್ನು ಮೂಸಿ ಗೌಂಡಿಯನ್ನು ಬೈದೇ ಕೆಳಗೆ ಬಂದನಂತೆ. ಆಮೇಲೆ ಮನೆಯೇ ಗತಿ. ಮಗ-ಸೊಸೆ ಬಾರಾಮತಿಯ ಸಕ್ಕರೆ ಕಾರ್ಖಾನೆಯ ಕಟ್ಟಡ ಕೆಲಸಕ್ಕೆ ಹೋದರು. ಮೊಮ್ಮಗ ಪ್ರೇಮಕುಮಾರ, ಹುಲಿಗೆಪ್ಪ ಮತ್ತು ಹೆಂಡತಿ ಯಮನವ್ವನ ಬಳಿ ಉಳಿದ.

ತೊಂಬತ್ತೇಳರ ಸುಮಾರಿಗೆ ಪಾನ್ ಅಂಗಡಿಗಳ ಮುಂದೆ ಗುಟ್ಕಾ ಚೀಟಿಗಳು ಮದುವೆ ಮನೆಯ ತೋರಣದಂತೆ ತೂಗತೊಡಗಿದವು. ತಂದೆ-ತಾಯಿ ಹಗಲೆಲ್ಲ ಕಲ್ಲು-ಮಣ್ಣು ಹೊರುವ ವಸ್ತಿಯಲ್ಲಿ ಮಕ್ಕಳನ್ನು ನೋಡುವವರು ಯಾರು? ಮಾರುತಿ ಗುಡಿಯ ಕಟ್ಟೆಯ ಮೇಲೆ ಹಿರಿಯರು ಕೂತು ಒಂದು ಕಟ್ಟಳೆ ಮಾಡಿದರು. ಸಂಜೆ ನಳದ ನೀರು ಬರುವ ಮುಂಚೆ ಮಕ್ಕಳೆಲ್ಲ ಸಾಲಾಗಿ ಬಂದು ಹುಲಿಗೆಪ್ಪನ ಮೂಗಿನೆದುರು ‘ಹಾ’ ಅನ್ನಬೇಕು. ವಾಸನೆ ಸಿಕ್ಕರೆ ಹೊಡೆತವಿಲ್ಲ. ಸುತ್ತಲಿನ ನಾಲ್ಕು ಮನೆಯವರು ಆ ಹುಡುಗನ ಮೇಲೆ ಕಣ್ಣಿಡಬೇಕು, ತಮ್ಮ ಮಕ್ಕಳ ಜೊತೆ ಕುಸ್ತಿಯ ತಾಲೀಮಿಗೆ ಕರೆದೊಯ್ಯಬೇಕು. ಕಟ್ಟಳೆ ನಡೆಯಿತು. ಯಾರು ಶಾಲೆಯ ಹಿಂದೆ ಏನು ತಿಂದರು ಎಂಬುದನ್ನು ಹುಲಿಗೆಪ್ಪ ಅಂಗಡಿಯ ಹೆಸರಿನ ಸಮೇತ ಹೇಳುತ್ತಿದ್ದ.

ಸಾಲಿನಲ್ಲಿ ನಿಲ್ಲದವನು ಒಬ್ಬನೇ, ಪ್ರೇಮಕುಮಾರ. ಅವನು ಮುತ್ಯಾನ ಮಗ್ಗುಲಲ್ಲೇ ಕೂತು ತಂಬಾಕು ತಿಕ್ಕುತ್ತಿದ್ದ; ತಂಬಾಕಿನ ನಾತ ಇಬ್ಬರಿಗೂ ಒಂದೇ. ನಮ್ಮ ಕಡೆ ಅದೊಂದು ಪ್ರೀತಿ. ಸೊಂಟಕ್ಕೆ ಸಿಕ್ಕಿಸಿದ ಚಂಚಿ ಚೀಲ ಬಿಚ್ಚಿ, ತಂಬಾಕಿಗೆ ಸುಣ್ಣ ಹಚ್ಚಿ, ಮೊಮ್ಮಕ್ಕಳ ಅಂಗೈಗೆ ಕೊಟ್ಟು ತಿಕ್ಕಿಸಿಕೊಳ್ಳುವುದು. ಎಳೆಯ ಅಂಗೈಯ ತಂಬಾಕಿಗೆ ರುಚಿ ಹೆಚ್ಚು ಅನ್ನುತ್ತಾರೆ. ಹುಲಿಗೆಪ್ಪ ಅದನ್ನು ಗಲ್ಲದಲ್ಲಿ ಇಟ್ಟುಕೊಂಡೇ ಇತರರ ಮಕ್ಕಳ ಬಾಯಿ ಮೂಸುತ್ತಿದ್ದ. ಇದರಲ್ಲಿ ಏನೋ ಸರಿಯಿಲ್ಲ ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಹೊಳೆಯುವುದು ಹೇಗೆ, ಕಟ್ಟೆಯ ಮೇಲಿದ್ದ ಪ್ರತಿ ಸೊಂಟಕ್ಕೂ ಒಂದು ಚಂಚಿ ಇತ್ತು.

ಈ ಕೀರ್ತಿ ಕ್ಯಾಂಪಿನ ಬಟ್ಟೆ ವ್ಯಾಪಾರಿ ನಿಜಲಿಂಗಪ್ಪನವರ ಕಿವಿಗೆ ಬಿತ್ತು. ಕನ್ನಡಿಗರ ಸಂಘದ ಅಧ್ಯಕ್ಷರು. ಬಾಯಲ್ಲಿ ಸದಾ ತಂಬಾಕಿನ ಜರ್ದಾ ಪಾನ್ ಇರುವುದರಿಂದ ಭಾಷಣವನ್ನು ಗದ್ದ ಮೇಲೆತ್ತಿ ಮಾಡುವವರು. ಅವರ ಮಗಳು ಸ್ನೇಹಲ್ ಹಲ್ಲಿನ ಡಾಕ್ಟರಿಕೆ ಓದಿ ಮುಗಿಸಿದ್ದಳು. ಒಂದು ಭಾನುವಾರ ಮಕ್ಕಳ ಬಾಯಿ ನೋಡಲು ಕಟ್ಟೆಯ ಪಕ್ಕ ಮೇಜು ಹಾಕಿದಳು.

ಹುಲಿಗೆಪ್ಪ ಮೊಮ್ಮಗನನ್ನು ಎಲ್ಲರಿಗಿಂತ ಮುಂದೆ ತಳ್ಳಿದ. “ಮೊದ್ಲ ಇವನ ಬಾಯಿ ನೋಡ್ರಿ ಯವ್ವಾ. ಚೊಕ್ಕ ಬಾಯಿ ಹೆಂಗಿರ್ತದ ಅಂತ ನಿಮಗೂ ಗೊತ್ತಾಗ್ತದ.”

ಸ್ನೇಹಲ್ ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಹಾಕಿಕೋ ಎಂದಳು. ಎರಡೂ ಹೋಗಲಿಲ್ಲ. ಗಲ್ಲ ಒತ್ತಿ ನೋಡಿದಳು; ಒಳಗೆ ಚರ್ಮ ಗಟ್ಟಿಯಾಗಿತ್ತು. ಖಾರ ತಿಂದರೆ ಉರಿಯುತ್ತದೆಯೇ ಎಂದು ಕೇಳಿದಳು. ಯಮನವ್ವ ಬಾಯಿಗೆ ಸೆರಗು ಹಿಡಿದಳು. ಎಷ್ಟೋ ದಿನದಿಂದ ಅವನು ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುತ್ತಿದ್ದ. ಪುಣೆಯ ಗಾಳಿಗೆ ನಾಜೂಕಾಗಿದ್ದಾನೆ ಎಂದು ಆಕೆ ನಕ್ಕಿದ್ದಳು.

ಗುಟ್ಕಾ ತಿಂದ ಬಾಯಿ ಹೀಗೆ ಬಿಗಿಯುತ್ತದೆ, ಯಾರು ಕಲಿಸಿದರು ಎಂದು ಸ್ನೇಹಲ್ ಮೆಲ್ಲಗೆ ಕೇಳಿದಳು. ಹುಡುಗ ಅಂಗೈ ನೋಡಿಕೊಂಡ.

“ಯಾರೂ ಕಲಸಿಲ್ರಿ ಅಕ್ಕಾ. ಮುತ್ಯಾಗ ತಂಬಾಕ ತಿಕ್ಕೂ ಮುಂದ ಬೆರಳ ನೆಕ್ಕತಿದ್ದೆ. ಅದು ಖಾರ ಹತ್ತತಿತ್ತು. ಗುಟ್ಕಾ ಸೀ ಇತ್ತು.”

ಕಟ್ಟೆಯ ಮೇಲಿದ್ದ ಹಿರಿಯರ ಕೈಗಳೆಲ್ಲ ಒಟ್ಟಿಗೆ ಸೊಂಟಕ್ಕೆ ಹೋದವು. ಅವರಲ್ಲೊಬ್ಬ ಅಂಬಣ್ಣ ಚಂಚಿಯನ್ನು ಧೋತರದೊಳಗೆ ತುರುಕಿಕೊಂಡ. ಅವನಿಗೆ ತಿಕ್ಕಿ ಕೊಡುತ್ತಿದ್ದ ಮೊಮ್ಮಗಳು ಸಾಲಿನಲ್ಲೇ ನಿಂತಿದ್ದಳು. ಆ ಸಂಜೆ ವಸ್ತಿಯ ಮೇಲೆ ಇಳಿದ ನಾಚಿಕೆಯ ಮುಂದೆ ಲೋಣಾವಳದ ಮಳೆಗಾಲದ ಮಂಜು ಏನೂ ಅಲ್ಲ. ಪಕ್ಕದವನ ಮುಖ ಪಕ್ಕದವನಿಗೆ ಕಾಣಿಸಲಿಲ್ಲ. ಕಾಣಿಸದಿದ್ದರೆ ಸಾಕು ಎಂದೇ ಎಲ್ಲರೂ ಬೇಡಿಕೊಂಡೆವು. ಸ್ನೇಹಲ್ ಹೇಳಿದ್ದು ಇಷ್ಟು: ಈಗಲೇ ಬಿಟ್ಟರೆ ಬಾಯಿ ಇಷ್ಟಕ್ಕೇ ನಿಲ್ಲಬಹುದು, ವ್ಯಾಯಾಮದಿಂದ ಸ್ವಲ್ಪ ಸಡಿಲಾಗಲೂಬಹುದು, ಬಿಡದಿದ್ದರೆ ಮುಂದೆ ಬರುವ ರೋಗದ ಹೆಸರು ಹುಡುಗನೆದುರು ಬೇಡ.

ಹುಲಿಗೆಪ್ಪ ಹೊರಗೆ ಬರುವುದನ್ನೇ ಬಿಟ್ಟ. ಬಂದರೂ ತಲೆಯ ಮೇಲೆ ಟಾವೆಲು. ಸಾಲು ಒಡೆಯಿತು. ಗುಡಿಯ ಹಿಂದೆ ಗುಟ್ಕಾ ಚೀಟಿ ಹರಿಯುವ ಚರ್ರೆಂಬ ಸದ್ದು ಮತ್ತೆ ಕೇಳತೊಡಗಿತು. ಗದರಿಸಲು ಹೋದ ಅಂಬಣ್ಣನಿಗೆ ಹುಡುಗರು, ಕಾಕಾ ನಿನ್ನ ಚಂಚಿ ಎಲ್ಲಿ ಎಂದು ಕೇಳಿದರು. ಒಳಗೆ ಪ್ರೇಮಕುಮಾರನೂ ಗುಟ್ಕಾ ಬಿಟ್ಟಿರಲಿಲ್ಲ. ಮುತ್ಯಾ ಗೋಡೆಯ ಕಡೆ ಮುಖ ಮಾಡಿ ತಂಬಾಕು ತಿನ್ನುತ್ತಿದ್ದರೆ ಅವನಾದರೂ ಯಾರನ್ನು ನೋಡಿ ಬಿಡಬೇಕು?

ಕಡೆಗೆ ಯಮನವ್ವನೇ ಬಾಯಿಬಿಟ್ಟಳು. “ನಾಚಿಕಿ ಬಂದದ ಅಂತ ಒಳಗ ಕುಂತೀದಿ. ನಿನ್ನ ಚಂಚಿಗಿ ಇನ್ನಾ ನಾಚಿಕಿ ಬಂದಂಗಿಲ್ಲ, ಸೊಂಟದಾಗೇ ಅದ.”

ಮರುದಿನ ನಳದ ಹೊತ್ತಿಗೆ ಹುಲಿಗೆಪ್ಪ ಹೊರಗೆ ಬಂದ. ಕೊಡ ಹಿಡಿದ ಹೆಂಗಸರು ದಾರಿ ಬಿಟ್ಟರು. ಮುರಿದ ಮೊಣಕಾಲನ್ನು ಕಷ್ಟದಿಂದ ಮಡಚಿ ಮೊಮ್ಮಗನೆದುರು ಕೂತ. ಬಾಯಿ ತೆರೆದು ‘ಹಾ’ ಎಂದ.

“ಮೂಸು.”

ಹುಡುಗ ಹಿಂಜರಿದ. ಆಮೇಲೆ ಮೂಸಿದ. “ನಾರತದ ಮುತ್ಯಾ.”

ಹುಲಿಗೆಪ್ಪನ ಕಿವಿಗಳು ಸುಟ್ಟ ಇಟ್ಟಿಗೆಯ ಬಣ್ಣಕ್ಕೆ ತಿರುಗಿದವು. “ನಾಳಿಗಿ ಮತ್ತ ಮೂಸು. ಆಮ್ಯಾಲ ನಾ ನಿಂದು ಮೂಸ್ತೀನಿ,” ಎಂದು ಚಂಚಿಯನ್ನು ಯಮನವ್ವನ ಒಲೆಗೆ ಹಾಕಿದ.

ಅಂದಿನಿಂದ ಮೊದಲು ಮಕ್ಕಳ ಮೂಗಿನೆದುರು ಹಿರಿಯರ ಸಾಲು, ಆಮೇಲೆ ಮಕ್ಕಳದು. ಹುಲಿಗೆಪ್ಪ ತಂಬಾಕು ಬಿಟ್ಟ ಆ ದಿನಗಳಲ್ಲಿ ಅವನ ಕೈನಡುಕಕ್ಕೆ ಕಟ್ಟೆಯ ಕಲ್ಲು ಸಡಿಲಾಯಿತು, ಸೋಂಪು ಅಗಿದದ್ದು ಎಷ್ಟೆಂದರೆ ಪೇಟೆಯಲ್ಲಿ ಸೋಂಪೇ ತುಟ್ಟಿಯಾಯಿತು. ಪ್ರೇಮಕುಮಾರ ಹಲ್ಲುಗಳ ನಡುವೆ ಐಸ್‌ಕ್ಯಾಂಡಿ ಕಡ್ಡಿಗಳನ್ನು ಒಂದೊಂದಾಗಿ ಹೆಚ್ಚಿಸುತ್ತ ಬಾಯಿ ಹಿಗ್ಗಿಸುತ್ತಿದ್ದ. ಮುತ್ಯಾ ಎದುರು ಕೂತು ಕಡ್ಡಿ ಕೊಡುತ್ತಿದ್ದ. ಗುಟ್ಕಾ ಬಿಟ್ಟುಹೋಯಿತು. ಬಾಯಿ ಮಾತ್ರ ಪೂರ್ತಿ ತೆರೆಯಲಿಲ್ಲ. ಈಗಲೂ ಮೊಮ್ಮಗ ಅರ್ಧ ಆಕಳಿಕೆ ತೆಗೆದರೆ ಹುಲಿಗೆಪ್ಪ ಮುಖ ಆಚೆ ತಿರುಗಿಸುತ್ತಾನೆ.

ಕೆಲವು ವರ್ಷಗಳ ಮೇಲೆ, ರಾಜ್ಯೋತ್ಸವಕ್ಕೆ ನಿಜಲಿಂಗಪ್ಪನವರು ಶಾಲು ಹಿಡಿದು ವಸ್ತಿಗೆ ಬಂದರು. ಗದ್ದ ಮೇಲೆತ್ತಿ, ಈ ಮೂಗು ನಮ್ಮ ಸಮಾಜದ ಮಾನ ಕಾಯಿತು ಎಂದು ಆಕಾಶಕ್ಕೆ ಹೇಳಿದರು. ಶಾಲು ಇನ್ನೇನು ಹೆಗಲಿಗೆ ತಾಗಬೇಕು, ಹುಲಿಗೆಪ್ಪ ಅದನ್ನು ಕೈಯಿಂದ ತಡೆದ.

“ಮನ್ಯಾಗಿಂದೇ ಕಾಯಾಕ ಆಗಲಿಲ್ರಿ ಸಾವ್ಕಾರ್ರ ಈ ಮೂಗಿಗಿ. ಶಾಲು ಆಮ್ಯಾಲ ನೋಡಾಮು. ಮೊದ್ಲ ಗದ್ದ ಇಳಸ್ರಿ, ಹಿರ್ಯಾರ ಸಾಲಿನ್ಯಾಗ ನಿಂದ್ರಿ, ಹುಡುಗೂರ ಮುಂದ ಹಾ ಅನ್ರಿ.”