ಧಣಿಗಳ ನದರು ಮತ್ತು ಇಪ್ಪತ್ನಾಲ್ಕು ವೋಲ್ಟು

ಸುಳ್ಳು ಹೇಳುವುದು ನನಗೆ ಹೊಸದಲ್ಲ. ಆದರೆ ಯಂತ್ರದ ಬಾಯಿಂದ ಸುಳ್ಳು ಹೇಳಿಸಿದ್ದು ನಂದೂರಿನ ಬೇಳೆ ಮಿಲ್ಲಿನಲ್ಲೇ ಮೊದಲು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ನಾನು ದಿನಾ ಕಮಲಾಪುರದಿಂದ ಬಸ್ಸಿನಲ್ಲಿ ಬಂದು ಅಲ್ಲಿಯ ಮೋಟರು, ವಾಯರಿಂಗು ನೋಡಿಕೊಳ್ಳುತ್ತಿದ್ದೆ. ಮಿಲ್ಲಿನ ಧಣಿಗಳು ಪುಣೆಯಲ್ಲಿ ಬಾಗಿಲು ಮುಚ್ಚಿದ ಯಾವುದೋ ಕಾರ್ಖಾನೆಯಿಂದ ಹಳೆಯ ರೋಬೋಟೊಂದನ್ನು ಕೊಂಡು ಲಾರಿಯಲ್ಲಿ ಹೇರಿಸಿಕೊಂಡು ಬಂದರು. ಆಳೆತ್ತರದ ಹಳದಿ ತೋಳು, ಪಕ್ಕದಲ್ಲಿ ಅದನ್ನು ಆಡಿಸುವ ಕಂಟ್ರೋಲರ್ ಎಂಬ ಕಬ್ಬಿಣದ ಕಪಾಟು. ತೊಗರಿಬೇಳೆಯ ಚೀಲ ಎತ್ತಿ ಅಟ್ಟಿ ಹಾಕುವುದು ಅದರ ಕೆಲಸ. ಅದು ಒಂದು ಚೀಲ ಎತ್ತುವಷ್ಟರಲ್ಲಿ ನಮ್ಮ ಹಮಾಲರು ನಾಲ್ಕು ಚೀಲ ಒಗೆದು ಹೊರಗೆ ಹೋಗಿ ಬೀಡಿ ಹಚ್ಚಿರುತ್ತಿದ್ದರು. ಆದರೂ ಧಣಿಗಳು ಊರ ಹೊರಗಿನ ವ್ಯಾಪಾರಿಗಳನ್ನು ಕರೆತಂದು, ಹೊಸ ಸೊಸೆಯನ್ನು ತೋರಿಸುವವರಂತೆ ಅದನ್ನು ತೋರಿಸುತ್ತಿದ್ದರು. ಪುಣೆಯಲ್ಲಿ ನಾಲ್ಕು ದಿನ ತರಬೇತಿ ಪಡೆದು ಬಂದ ನಾನು ಎಲ್ಲರ ಬಾಯಲ್ಲೂ ಎಂಜಿನಿಯರ್ ಸಾಹೇಬನಾಗಿಬಿಟ್ಟೆ.

ಅದೇ ತಗಡಿನ ಶೆಡ್ಡಿನಲ್ಲಿ ಹತ್ತು ಹನ್ನೆರಡು ಹೆಂಗಸರು ಗೋಣಿತಟ್ಟು ಹಾಸಿಕೊಂಡು ಕೂತು ಬೇಳೆಯೊಳಗಿನ ಹರಳು ಆರಿಸುತ್ತಿದ್ದರು. ಅವರಲ್ಲಿ ಹಿರಿಯಳು ನಮ್ಮ ಕಮಲಾಪುರದವಳೇ, ನನ್ನದೇ ಬಸ್ಸಿಗೆ ಬರುವವಳು. ಊರಿಗೆಲ್ಲ ಕಾಕು, ಅಂದರೆ ಚಿಕ್ಕಮ್ಮ, ನನಗೂ ಕಾಕು. ನನ್ನ ಅಂಗಿಯ ಕಿತ್ತ ಗುಂಡಿಯಿಂದ ಹಿಡಿದು ಆಗದೇ ಉಳಿದ ನನ್ನ ಮದುವೆಯವರೆಗೆ ದಾರಿಯುದ್ದಕ್ಕೂ ಬೈಯುತ್ತ ಬರುತ್ತಿದ್ದಳು. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಆಕೆ ಕೂತಲ್ಲೇ ತಲೆಸುತ್ತಿ ಬೇಳೆಯ ರಾಶಿಯ ಮೇಲೆ ಬಿದ್ದಳು. ನೀರು ಚಿಮುಕಿಸಿ ಎಬ್ಬಿಸಿದೆವು. ಹೆಂಗಸರೆಲ್ಲ ಕೂಡಿ ಧಣಿಗಳ ಹತ್ತಿರ ಹೋಗಿ ನೀರು ಹಾಕಿ ಓಡಿಸುವ ಒಂದು ಕೂಲರ್ ಹಾಕಿಸಿಕೊಡಿ ಎಂದು ಕೇಳಿದರು. ತಮ್ಮ ತಾಯಿ ಇದೇ ಬಿಸಿಲಲ್ಲಿ ಬೇಳೆ ಒಡೆದು ತಮ್ಮನ್ನು ಸಾಕಿದಳು, ಆಗ ಯಾವ ಕೂಲರ್ ಇತ್ತು ಎಂದು ಅವರು ಹಿಂದಕ್ಕೆ ಕಳಿಸಿದರು. ನನಗೆ ಸಿಟ್ಟು ನೆತ್ತಿಗೇರಿತು.

ಮರುದಿನ ಬೆಳಿಗ್ಗೆ ಕಂಟ್ರೋಲರಿನ ಬೆನ್ನಿಗಿದ್ದ ಪುಟ್ಟ ಫ್ಯಾನಿನ ವಾಯರನ್ನು ಕಿತ್ತಿಟ್ಟೆ. ಮಧ್ಯಾಹ್ನ ಎರಡಕ್ಕೆ ಕಪಾಟು ಕಾದು, ಕೆಂಪು ದೀಪ ಹತ್ತಿ, ರೋಬೋಟು ಚೀಲ ಹಿಡಿದುಕೊಂಡೇ ನಿಂತಿತು. ಇದು ತಣ್ಣನೆಯ ದೇಶದಲ್ಲಿ ಹುಟ್ಟಿದ್ದು, ಕಲಬುರಗಿಯ ಸೆಕೆ ತಡೆಯುವುದಿಲ್ಲ, ಕೂಲರ್ ಇಲ್ಲದೆ ಬದುಕುವುದಿಲ್ಲ ಎಂದು ಹುಬ್ಬು ಗಂಟಿಕ್ಕಿ ಹೇಳಿದೆ. ಮನುಷ್ಯರಿಗೆ ಸಿಗದ ಕೂಲರ್ ಯಂತ್ರಕ್ಕೆ ಸಂಜೆಯೊಳಗೆ ಬಂತು. ಫ್ಯಾನಿನ ವಾಯರ್ ಮತ್ತೆ ಸೇರಿಸಿ ನಾನು ಒಳಗೊಳಗೇ ನಕ್ಕೆ. ಧಣಿಗಳು ಶೆಡ್ಡಿನಲ್ಲಿದ್ದಾಗ ಕೂಲರಿನ ಮುಖ ಕಪಾಟಿನ ಕಡೆ, ಅವರ ಜೀಪು ಗೇಟು ದಾಟಿದ ಮೇಲೆ ಹೆಂಗಸರ ಕಡೆ. ಹಾರ್ನ್ ಕೇಳಿಸಿದರೆ ಸಾಕು, ಕಾಕು ಕೂತಲ್ಲಿಂದಲೇ ಕಾಲು ಚಾಚಿ ಅದನ್ನು ತಿರುಗಿಸುವುದನ್ನು ಕಲಿತಿದ್ದಳು. ಧಣಿಗಳಂತೂ ಪ್ರೀತಿ ಉಕ್ಕಿ ಅದನ್ನು ಕಪಾಟಿಗೆ ಅಂಟುವಷ್ಟು ಹತ್ತಿರ ದೂಡಿ, ಪೂರಾ ಜೋರು ಮಾಡಿ, ಕುರ್ಚಿ ಹಾಕಿಕೊಂಡು ರೋಬೋಟನ್ನು ನೋಡುತ್ತ ಕೂಡುತ್ತಿದ್ದರು.

ಹದಿನೈದು ದಿನ ಕಳೆದಿರಬೇಕು. ರೋಬೋಟು ನಿಜವಾಗಿಯೇ ಕೈಕೊಡತೊಡಗಿತು, ಅದೂ ಧಣಿಗಳು ಬಂದು ಕೂತಾಗ ಮಾತ್ರ. ಕಪಾಟಿನೊಳಗೆ ಪವರ್ ಸಪ್ಲೈ ಎಂಬ ಡಬ್ಬಿ ಇರುತ್ತದೆ. ಹೊರಗಿನ ಕರೆಂಟನ್ನು ಇಪ್ಪತ್ನಾಲ್ಕು ವೋಲ್ಟಿಗೆ ಇಳಿಸಿ ಯಂತ್ರದ ಮೆದುಳಿಗೆ ಉಣಿಸುವುದು ಅದೇ. ಆ ಊಟ ಕಡಿಮೆಯಾಗಿದೆ ಎಂದು ಪರದೆಯ ಮೇಲೆ ಬರುತ್ತಿತ್ತು. ನಾನು ಕಲಿತು ಬಂದ ಕ್ರಮದಲ್ಲೇ ಹೋದೆ. ಹೊರಗಿನಿಂದ ಬರುವ ಮೂರು ಫೇಸೂ ಸರಿಯಾಗಿದ್ದವು. ಡಬ್ಬಿಯಿಂದ ಹೊರಟ ವಾಯರುಗಳನ್ನು ಒಂದೊಂದಾಗಿ ಬಿಚ್ಚಿ, ಯಾವುದು ಕರೆಂಟು ಎಳೆದುಕೊಳ್ಳುತ್ತಿದೆ ಎಂದು ನೋಡಿದೆ. ಯಾವುದೂ ಅಲ್ಲ. ಇಷ್ಟೆಲ್ಲ ಆಗುವಷ್ಟರಲ್ಲಿ ಧಣಿಗಳು ಬೇಜಾರಾಗಿ ಹೋಗಿರುತ್ತಿದ್ದರು, ಮೀಟರಿನಲ್ಲಿ ನೆಟ್ಟಗೆ ಇಪ್ಪತ್ನಾಲ್ಕು ತೋರಿಸುತ್ತಿತ್ತು. ಆ ಡಬ್ಬಿಯನ್ನು ಮಾತ್ರ ಬಿಚ್ಚಕೂಡದೆಂದು ಪುಣೆಯವರು ಹೇಳಿದ್ದರಿಂದ ಅದಕ್ಕೆ ಕೈ ಹಾಕಲಿಲ್ಲ. ತಲೆ ಕೆರೆದುಕೊಂಡು ಕೂತೆ.

"ಧಣ್ಯಾರ ನದರ ಹತ್ಯಾದ ನೋಡು ಅದಕ್ಕ" ಎಂದಳು ಕಾಕು. ದೃಷ್ಟಿ ತಾಗಿದೆ ಎಂದು ಆಕೆ ಹೇಳಿದ್ದು ನಗೆಯಾಟಕ್ಕೆ. ಆದರೆ ಎಂಜಿನಿಯರ್ ಸಾಹೇಬರಿಗೆ ಕಾರಣ ಬೇಕಾಗಿತ್ತಲ್ಲ. ಧಣಿಗಳು ಬಂದು ಏನಾಗಿದೆ ಎಂದು ಗದರಿಸಿ ಕೇಳಿದಾಗ ನನ್ನ ಬುದ್ಧಿ ಮಣ್ಣು ತಿಂದಿತು.

"ನೀವು ನೋಡಿದಾಗಷ್ಟೇ ಕೆಡ್ತದರಿ ಧಣ್ಯಾರ" ಎಂದುಬಿಟ್ಟೆ.

ಬೈಯುತ್ತಾರೆಂದುಕೊಂಡಿದ್ದೆ. ಅವರು ಯಂತ್ರದಿಂದ ಕಣ್ಣು ಕಿತ್ತುಕೊಂಡು ಹೊರಟುಹೋದರು. ಮರುದಿನದಿಂದ ಶೆಡ್ಡಿನ ಬಾಗಿಲಲ್ಲಿ ಯಂತ್ರಕ್ಕೆ ಬೆನ್ನು ಕೊಟ್ಟು ನಿಂತು, ಹೊರಗಿನ ಬೇವಿನ ಮರದ ಜೊತೆ ಮಾತಾಡುವವರಂತೆ ಅದರ ಆರೋಗ್ಯ ವಿಚಾರಿಸತೊಡಗಿದರು. ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದರು. ಕೂಲರ್ ಈಗ ದಿನವಿಡೀ ಅವರದೇ ಆಗಿತ್ತು, ರೋಬೋಟೂ ಚೀಲ ಎತ್ತುತ್ತಿತ್ತು. ನಾನು ಎಷ್ಟು ಜಾಣ ಎಂದು ನನಗೇ ಹೆಮ್ಮೆಯಾಯಿತು.

ಆ ಹೆಮ್ಮೆ ಬಹಳ ದಿನ ಬಾಳಲಿಲ್ಲ. ಒಂದು ದಿನ ಕಾಕುವಿಗೆ ನೆಗಡಿಯಾಗಿ, ಗಾಳಿ ಬೇಡವೆಂದು ಕೂಲರನ್ನು ಕಪಾಟಿನ ಕಡೆ ತಿರುಗಿಸಿದಳು. ತಾಸೊಂದರಲ್ಲಿ ರೋಬೋಟು ನಿಂತಿತು. ಅಂದು ಧಣಿಗಳು ಹೈದರಾಬಾದಿಗೆ ಹೋಗಿದ್ದರು. ಕರೆಂಟು ತೆಗೆದು, ಸ್ವಲ್ಪ ಹೊತ್ತು ಕಾದು, ಪುಣೆಯವರ ಮಾತು ಮೀರಿ ಆ ಡಬ್ಬಿಯನ್ನು ಬಿಚ್ಚಿದೆ. ಒಳಗೆ ಬೇಳೆಯ ಧೂಳು ಕೂಲರಿನ ತೇವಕ್ಕೆ ನೆನೆದು ಭಜಿಯ ಹಿಟ್ಟಿನಂತೆ ಮೆತ್ತಿಕೊಂಡಿತ್ತು. ಒದ್ದೆಯಾದಾಗ ಅದು ಕರೆಂಟನ್ನು ಸೋರಿಸಿ ವೋಲ್ಟು ಇಳಿಸುತ್ತಿತ್ತು. ಕೂಲರ್ ಆಚೆ ತಿರುಗಿದರೆ ಬಿಸಿಗಾಳಿಗೆ ಅದು ಒಣಗುತ್ತಿತ್ತು, ಯಂತ್ರ ಮತ್ತೆ ಓಡುತ್ತಿತ್ತು. ನಾನು ಸುಳ್ಳು ಹೇಳಿ ತರಿಸಿದ ಕೂಲರೇ ರೋಗವಾಗಿತ್ತು. ಬ್ರಷ್ಷು, ಸ್ಪಿರಿಟ್ಟಿನಿಂದ ಡಬ್ಬಿಯನ್ನು ತೊಳೆದು ಒಣಗಿಸಿ ಕೂಡಿಸಿದೆ. ಯಾರಿಗೂ ಹೇಳಬಾರದೆಂದುಕೊಂಡೆ. ಹೇಳಿದರೆ ಹೆಂಗಸರ ಕೂಲರ್ ಹೋಗುತ್ತಿತ್ತು, ಹಿಂದೆಯೇ ನಾನೂ.

ಮರುದಿನ ಬಸ್ಸಿನಲ್ಲಿ ಕಾಕುವಿಗೆ ಮಾತ್ರ ಹೇಳಿದೆ. ಆಕೆ ಅಂದು ನನ್ನನ್ನು ಬೈಯಲಿಲ್ಲ. ಧಣಿಗಳ ಮನೆಯಲ್ಲಿ ಪಾತ್ರೆ ತಿಕ್ಕುವವಳು ಹೇಳಿದ ಸಂಗತಿಯೊಂದು ಆಕೆಯ ಕಿವಿಗೆ ಬಿದ್ದಿತ್ತು. ಧಣಿಗಳ ಮಗಳು ಹೆರಿಗೆಗೆ ತವರಿಗೆ ಬಂದು ಹೆಣ್ಣುಕೂಸು ಹೆತ್ತಿದ್ದಳು. ತಮ್ಮ ನದರು ಕೆಟ್ಟದ್ದೆಂದು ಧಣಿಗಳು ಆ ಕೋಣೆಯೊಳಗೆ ಕಾಲಿಟ್ಟಿರಲೇ ಇಲ್ಲ.

"ಕೂಲರ್ ಹೋದ್ರ ಹೋಗ್ಲಿ" ಎಂದಳು ಕಾಕು. "ಮೊಮ್ಮಗಳ ಮಾರಿ ನೋಡಲಾರದಂಗ ಮಾಡೀವಿ ನಾವು. ಇವತ್ತ ಹೇಳು."

ಬಿಸಿಲಿಗೆ ಬಿದ್ದವಳೇ ಹೀಗೆ ಹೇಳಿದ ಮೇಲೆ ನನಗೆ ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಧಣಿಗಳು ಎಂದಿನಂತೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬೆನ್ನು ತಿರುಗಿಸಿ ನಿಂತರು. ಫ್ಯಾನಿನ ವಾಯರಿನಿಂದ ಹಿಡಿದು ಡಬ್ಬಿಯೊಳಗಿನ ಹಿಟ್ಟಿನವರೆಗೆ ಎಲ್ಲವನ್ನೂ ಅವರ ಬೆನ್ನಿಗೆ ಒಪ್ಪಿಸಿದೆ. ಅವರು ನಂಬಲಿಲ್ಲ. ಸಮಾಧಾನಕ್ಕೆ ಹೇಳುತ್ತಿದ್ದೇನೆಂದು ತಿಳಿದರು. ಆಗ ನಾನು ಕೂಲರನ್ನು ಅವರೆದುರಿಗೇ ಹೆಂಗಸರ ಕಡೆ ತಿರುಗಿಸಿ, ಕುರ್ಚಿ ತಂದು ಹಾಕಿ, ಕಣ್ಣು ತುಂಬ ನೋಡಿ ಎಂದೆ. ಮೊದಲು ನೆಲ ನೋಡಿದರು, ಆಮೇಲೆ ಯಂತ್ರದ ಬುಡ, ಆಮೇಲೆ ನಿಧಾನಕ್ಕೆ ತೋಳು. ಹೆಂಗಸರ ಕೈ ಬೇಳೆಯ ಮೇಲೆಯೇ ನಿಂತಿತ್ತು. ತಾಸಿಗೂ ಹೆಚ್ಚು ಹೊತ್ತು ರೋಬೋಟು ಚೀಲದ ಮೇಲೆ ಚೀಲ ಇಡುತ್ತಲೇ ಹೋಯಿತು.

"ಹಂಗಾರ ನನ್ನ ನದರಿಂದ ಏನೂ ಆಗಿಲ್ಲ?"

"ಇಲ್ಲರಿ ಧಣ್ಯಾರ."

"ಖರೇನ?"

ಖರೆ ಎಂದೆ. ಬೈಯಬೇಕಿತ್ತು ಅವರು, ಹೊಡೆದಿದ್ದರೂ ಹಗುರಾಗುತ್ತಿತ್ತು.

"ಹತ್ತೊಂಬತ್ತು ದಿನ ಆತು" ಎಂದರು. "ಬಾಗಿಲ ಹೊರಗ ನಿಂತು ಅದರ ಅಳೂದಷ್ಟೇ ಕೇಳೀನಿ."

ಎದ್ದವರೇ ಜೀಪಿನ ಕಡೆ ಓಡಿದರು. ಕೂಲರನ್ನು ಏನು ಮಾಡಲಿ ಎಂದು ಕೇಳುತ್ತ ನಾನು ಹಿಂದೆಯೇ ಓಡಿದೆ. ಜೀಪು ಆಗಲೇ ಹೊರಟಿತ್ತು.

"ನೀರು ಹಾಕು ಅದಕ್ಕ" ಎಂದರು, ಇಂಥ ಹೊತ್ತಿನಲ್ಲಿ ಕೇಳುವ ಮಾತೇ ಇದು ಎಂಬಂತೆ.

ಕೊಡ ಹಿಡಿದು ಶೆಡ್ಡಿಗೆ ಮರಳಿದಾಗ ಅವರ ಚಪ್ಪಲಿ ಇನ್ನೂ ಬಾಗಿಲಲ್ಲೇ ಇತ್ತು.