ಗದ್ದೆಪ್ಪ ನೋಡಿದ ಇಪ್ಪತ್ತಾರು ಕಂತು

ರಕ್ತ ಕಂಡರೆ ಅಂಜದ ಮನುಷ್ಯ ಎಂದರೆ ನಮ್ಮ ಮಾನ್ವಿಯ ಕ್ರೈಸ್ತ ಸಭೆಯಲ್ಲಿ ಒಬ್ಬನೇ, ಗದ್ದೆಪ್ಪ. ದೀಕ್ಷಾಸ್ನಾನದ ದಿನ ಅವನಿಗೆ ಸಮುವೇಲ ಎಂದು ಹೆಸರಿಟ್ಟಿದ್ದರು. ದೇವರು ಹಾಗೆ ಕರೆಯುತ್ತಿದ್ದನೋ ಏನೋ, ನಾವ್ಯಾರೂ ಕರೆಯಲಿಲ್ಲ. ಮೂವತ್ತೊಂದು ವರ್ಷ ಆಸ್ಪತ್ರೆಗಳ ಹೆಣದ ಕೋಣೆಯಲ್ಲಿ ದುಡಿದವನು. ಡಾಕ್ಟರು ತೋರಿಸಿದ ಕಡೆ ಕೊಯ್ಯುವುದು, ಅವರು ನೋಡಿದ ಮೇಲೆ ಹೊಲಿಯುವುದು, ತೊಳೆದು ಬಟ್ಟೆ ಸುತ್ತಿ ಮನೆಯವರಿಗೆ ಒಪ್ಪಿಸುವುದು ಅವನ ಕೆಲಸ. ಬಾವಿಗೆ ಬಿದ್ದವರು, ಲಾರಿ ಚಕ್ರಕ್ಕೆ ಸಿಕ್ಕವರು, ಹೊಲದ ಬದುವಿಗಾಗಿ ಅಣ್ಣನಿಂದಲೇ ಕಡಿಸಿಕೊಂಡವರು, ಎಲ್ಲರೂ ಅವನ ಕೈ ದಾಟಿಯೇ ಮಣ್ಣಿಗೆ ಹೋದರು. ಊರವರು ಅವನ ಕೈಯಿಂದ ನೀರು ಕುಡಿಯುತ್ತಿರಲಿಲ್ಲ. ಸಭೆಯವರಾದ ನಾವು ಕುಡಿಯುತ್ತಿದ್ದೆವು ಎಂದು ಬರೆಯಲು ನನಗೆ ಬಹಳ ಆಸೆ. ಆದರೆ ಈ ವಯಸ್ಸಿನಲ್ಲಿ ಸುಳ್ಳು ಬರೆದು ಏನು ಮಾಡಲಿ?

ನಾನು ಜೀವರತ್ನಮ್ಮ. ನಲವತ್ತು ವರ್ಷ ಶಾಲೆಯಲ್ಲಿ ಕೋಲು ಹಿಡಿದವಳು, ಈಗ ಸಭೆಯ ಕಾರ್ಯದರ್ಶಿ. ಜನ ನನ್ನನ್ನು ಅಕ್ಕೋರು ಎನ್ನುತ್ತಾರೆ, ಹಿಂದಿನಿಂದ ಬೇರೆ ಏನೋ ಎನ್ನುತ್ತಾರೆ.

ನಮ್ಮಲ್ಲಿ ತಿಂಗಳ ಮೊದಲ ಭಾನುವಾರ ಕರ್ತನ ಭೋಜನ. ರೊಟ್ಟಿಯ ಚೂರು, ಆಮೇಲೆ ದ್ರಾಕ್ಷಾರಸ. ಬಟ್ಟಲು ಒಂದೇ, ಸಾಲಾಗಿ ಮೊಣಕಾಲೂರಿದವರ ತುಟಿಯಿಂದ ತುಟಿಗೆ ಅದೇ ಹೋಗುತ್ತದೆ. ಯಾರ ಮೇಲಾದರೂ ಹಗೆ ಇಟ್ಟುಕೊಂಡವರು ಎದ್ದು ಬರಬಾರದು ಎಂಬುದು ಕಟ್ಟಳೆ. ಹಗೆ ಇಟ್ಟುಕೊಂಡೇ ಬಂದು ಬಾಯಿ ಒಡ್ಡುವವರು ಬೇಕಾದಷ್ಟಿದ್ದಾರೆ, ನಾನೂ ಒಡ್ಡಿದ್ದೇನೆ. ಗದ್ದೆಪ್ಪ ಮಾತ್ರ ಒಂಬತ್ತು ವರ್ಷ ಕಡೆಯ ಬೆಂಚು ಬಿಟ್ಟು ಏಳಲಿಲ್ಲ. ಅವನು ಏಳದಿರುವುದೇ ಒಳ್ಳೆಯದು, ಆ ಬಟ್ಟಲು ಅವನ ಬಾಯಿಂದ ನನ್ನ ಬಾಯಿಗೆ ಬರುವುದು ತಪ್ಪಿತು ಎಂದು ನಾನು ಒಳಗೊಳಗೇ ನೆಮ್ಮದಿಯಿಂದಿದ್ದೆ.

ಅವನ ಹಗೆ ಯಾರ ಮೇಲೆ ಎಂದು ಎಲ್ಲರಿಗೂ ಗೊತ್ತಿತ್ತು. ಒಂಬತ್ತು ವರ್ಷದ ಹಿಂದೆ ದೇವದುರ್ಗದ ಸಂತೆಯಲ್ಲಿ ಅವನ ಒಬ್ಬನೇ ಮಗ ಅನಿಲಕುಮಾರನ ಬೈಕು ಶೇಖರ ಎಂಬವನ ಬೈಕಿಗೆ ತಾಗಿ ಕನ್ನಡಿ ಮುರಿಯಿತು. ಅಷ್ಟೇ ಕಾರಣ. ಶೇಖರನ ಕೈಯಲ್ಲಿ ಆಗತಾನೇ ಕಾವು ಹಾಕಿಸಿಕೊಂಡು ಬಂದ ಹೊಸ ಕೊಡಲಿ ಇತ್ತು. ಮೊದಲ ಏಟು ಹೆಗಲಿಗೆ, ಎರಡನೆಯದು ಕಿವಿಯ ಹಿಂದೆ, ಮೂರನೆಯದು ನೆಲಕ್ಕೆ ಬಿದ್ದ ಮೇಲೆ. ಸಂತೆಯ ಜನ ಬದನೆಕಾಯಿ ಆರಿಸುತ್ತಿದ್ದ ಕೈಯನ್ನು ಹಾಗೇ ಹಿಡಿದು ನಿಂತು ನೋಡಿದರು. ಹುಡುಗನಿಗೆ ಇಪ್ಪತ್ತೆರಡು ವರ್ಷ.

ಆಗ ಗದ್ದೆಪ್ಪ ದೇವದುರ್ಗದ ಆಸ್ಪತ್ರೆಯಲ್ಲೇ ಕೆಲಸಕ್ಕಿದ್ದ, ಹೆಣ ಅಲ್ಲಿಗೇ ಬಂತು. ಡಾಕ್ಟರು, "ನೀ ಹೊರಗ ಕುಂದ್ರು, ರಾಯಚೂರಿಂದ ಬ್ಯಾರೆಯವನ್ನ ಕರಸ್ತೀನಿ" ಎಂದರು.

"ಬ್ಯಾಡ್ರಿ ಸಾಹೇಬ್ರ," ಎಂದನಂತೆ ಗದ್ದೆಪ್ಪ. "ಇಂವ ಸಣ್ಣವ ಇದ್ದಾಗ ಸುದ್ದಾ ಮಂದಿ ಕೈಗೆ ಹೋಗ್ತಿದ್ದಿಲ್ಲ."

ತಾನೇ ಕೊಯ್ದ, ತಾನೇ ಹೊಲಿದ, ತಾನೇ ತೊಳೆದ. ಹೆಂಡತಿ ಗೋಪಮ್ಮ ಆ ವರ್ಷವೇ ಮಗನ ಹಿಂದೆ ಹೋದಳು. ಗದ್ದೆಪ್ಪ ಮಾನ್ವಿಗೆ ವರ್ಗವಾಗಿ ಬಂದ, ಒಂದು ಕೊಡಲಿ ಕೊಂಡ. ಪ್ರತಿ ಶನಿವಾರ ಅಂಗಳದಲ್ಲಿ ಕೂತು ಅದನ್ನು ಮಸೆಯುತ್ತಿದ್ದ. ನಮ್ಮ ಉದಯಕುಮಾರ ಅಯ್ಯನವರು, ಅಂದರೆ ಸಭೆಯ ಪಾಸ್ಟರು, ಎಷ್ಟು ಸಲ ಬುದ್ಧಿ ಹೇಳಿದರೂ ಉತ್ತರ ಒಂದೇ: "ಅಂವ ಜೇಲಿನಿಂದ ಹೊರಗ ಬರ್ಲಿ. ಅವನ ಲೆಕ್ಕ ಮುಗಿಸಿ ಕರ್ತನ ಊಟಕ್ಕ ಬರ್ತೀನಿ." ಈ ಜನವರಿಯಲ್ಲಿ ಶೇಖರ ಬಿಡುಗಡೆಯಾಗಿ ನಮ್ಮ ಪಕ್ಕದ ಹಿರೇಕೊಟ್ನೆಕಲ್ಲಿನಲ್ಲಿ ಅಕ್ಕನ ಮನೆ ಸೇರಿದ. ಅದೂ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ನಾವು ಗದ್ದೆಪ್ಪನನ್ನು ಹಿಡಿದು ಕತ್ತಿಯ ಕಾರ್ಟೂನು ನೋಡಲು ಕೂರಿಸಿದೆವು. ಬುದ್ಧಿವಂತರ ಸಭೆ ನಮ್ಮದು!

ಅದು ಹೀಗಾಯಿತು. ಭಾನುವಾರದ ಮಕ್ಕಳ ಶಾಲೆಗೆ ಪಾಠ ಹೇಳುವವಳು ಮೇಘಾ, ಡಿಗ್ರಿ ಕಡೆಯ ವರ್ಷದ ಹುಡುಗಿ. ಅವಳು 'ಹದ್ದಿನ ಕತ್ತಿ' ಎಂಬ ಜಪಾನಿನ ಅನಿಮೆ ಕಾರ್ಟೂನು ಸರಣಿಯ ಹುಚ್ಚಿ. ಅದರ ಕತೆ ಹೇಳಿ ಹೇಳಿ ಮಕ್ಕಳನ್ನೂ ಹುಚ್ಚು ಹಿಡಿಸಿದ್ದಳು. ಫೆಬ್ರವರಿಯ ಒಂದು ಭಾನುವಾರ ಅಂಗಳದಲ್ಲಿ ಹುಡುಗರ ಯುದ್ಧ ನಡೆಯಿತು. ಒಬ್ಬ ಗಂಟೆ ಬಾರಿಸುವ ಕಬ್ಬಿಣದ ಸಲಾಕೆ ಕಿತ್ತುಕೊಂಡು, ಜಪಾನಿ ಭಾಷೆಯಲ್ಲಿ ಏನೋ ಕೂಗಿ, ನನ್ನ ಮೊಮ್ಮಗನ ಹಣೆಗೆ ಬೀಸಿದ. ಬಿಳಿ ಅಂಗಿ ಹೊಕ್ಕುಳವರೆಗೆ ಕೆಂಪಾಯಿತು. ಐದು ಹೊಲಿಗೆ. ಹೊಡೆದವನು ಅತ್ತ, ಹೊಡೆಸಿಕೊಂಡ ನಮ್ಮವನು, "ಅಜ್ಜೀ, ನಾ ಇನ್ನಾ ಸತ್ತಿಲ್ಲ, ಆಟ ಮುಗ್ದಿಲ್ಲ" ಎಂದು ಕಿರುಚಿದ.

ಅಂದೇ ಕಮಿಟಿ ಕರೆಸಿದೆ. ನನ್ನ ಸಿಟ್ಟು ನೆತ್ತಿಗೇರಿತ್ತು. ಮೇಘಾಳನ್ನು ತೆಗೆಯಬೇಕು, ಆ ಸರಣಿ ಸೈತಾನನದು ಎಂದು ಬರೆದುಕೊಳ್ಳಬೇಕು ಎಂದೆ. ಹುಡುಗಿ ಸುಮ್ಮನಿರಲಿಲ್ಲ.

"ಅಕ್ಕೋರ, ಅದರಾಗ ಗೆಳೆತನ ಅದ, ತ್ಯಾಗ ಅದ. ನಮ್ಮ ಬೈಬಲ್‌ದಾಗೂ ಕತ್ತಿ ಅದಾವಲ್ರೀ. ಕುರಿ ಕಾಯೋ ಹುಡುಗ ಆ ದೈತ್ಯನ ತಲಿ ಕಡದದ್ದು ನೀವ ನಮಗ ಚಿತ್ರ ತೆಗಸಿದ್ರಿ. ನಾ ಕೆಂಪು ಬಣ್ಣ ಕಮ್ಮಿ ಹಾಕೀನಂತ ಬೈದಿದ್ರಿ."

ಬೈದಿದ್ದೆ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಅಯ್ಯನವರು ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವ ಪೈಕಿ. ಯಾರಾದರೂ ಒಬ್ಬರು ಇಪ್ಪತ್ತಾರೂ ಕಂತು ನೋಡಿ, ಕ್ರೈಸ್ತರ ಮಕ್ಕಳಿಗೆ ಇದು ತಕ್ಕದ್ದೋ ಅಲ್ಲವೋ ಎಂದು ಸಭೆಗೆ ಹೇಳಲಿ, ಅಲ್ಲಿಯವರೆಗೆ ತೀರ್ಮಾನ ಬೇಡ ಎಂದರು. ಅಷ್ಟು ರಕ್ತ ನೋಡುವವರು ಯಾರು? "ಗದ್ದೆಪ್ಪ ನೋಡ್ಲಿ, ಅವಗೇನು ಹೊಸದು?" ಎಂದು ಯಾರೋ ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕು ಹೆಸರು ಬರೆದುಕೊಂಡೆ. ಒಂದು ಹಾಳೆಯಲ್ಲಿ ನಾಲ್ಕು ಪ್ರಶ್ನೆ ಬರೆದುಕೊಟ್ಟೆ. ಪರದೇವತೆಗಳ ಪೂಜೆ ಉಂಟೋ? ಅಸಭ್ಯ ಉಂಟೋ? ಹಿಂಸೆ ಅಗತ್ಯಕ್ಕಿಂತ ಹೆಚ್ಚೋ? ಮಕ್ಕಳು ಕಲಿಯತಕ್ಕದ್ದೇನು? ಎಷ್ಟು ಹಿಂಸೆ ಅಗತ್ಯ ಎಂದು ಯಾರೂ ನನ್ನನ್ನು ಕೇಳಲಿಲ್ಲ.

ದೇವಾಲಯದ ಪಕ್ಕದ ಕೋಣೆಯಲ್ಲಿ ಮಧ್ಯಾಹ್ನಗಳಲ್ಲಿ ಗದ್ದೆಪ್ಪ, ಮೇಘಾ ಇಬ್ಬರೂ ಅವಳ ಟ್ಯಾಬು ಇಟ್ಟುಕೊಂಡು ಕೂತರು. ಮೊದಲ ಎರಡು ದಿನ ನಾನೂ ಕೂತೆ. ಬಿಳಿಗೂದಲಿನ ಒಬ್ಬ ಹುಡುಗ. ಮೊದಲ ಕಂತಿನಲ್ಲೇ ಒಕ್ಕಣ್ಣಿನವನೊಬ್ಬ ಅವನ ಅಪ್ಪನನ್ನು ಬಾಗಿಲಲ್ಲೇ ಎರಡು ಹೋಳು ಮಾಡುತ್ತಾನೆ. ಉಳಿದ ಇಪ್ಪತ್ತೈದು ಕಂತು ಹುಡುಗ ಆ ಒಕ್ಕಣ್ಣನನ್ನು ಹುಡುಕುತ್ತ ಹೋಗುವುದು. ದಾರಿಯಲ್ಲಿ ಅಡ್ಡ ಬಂದವರ ಕೈ ಹಾರುತ್ತದೆ, ಕಾಲು ಹಾರುತ್ತದೆ, ಕೊಯ್ದ ಕುತ್ತಿಗೆಯಿಂದ ರಕ್ತ ಸೂರು ಮುಟ್ಟುತ್ತದೆ. ನಾನು ಸೆರಗು ಮುಖಕ್ಕೆ ಒತ್ತಿಕೊಂಡೆ. ಗದ್ದೆಪ್ಪ ಕಣ್ಣು ಮಿಟುಕಿಸಲಿಲ್ಲ.

"ಇಂವ ಕಡದ ಜಾಗಾ ತಪ್ಪು," ಎನ್ನುತ್ತಿದ್ದ. "ಅಲ್ಲಿ ಎಲುಬು ಅದ, ಒಂದ ಏಟಿಗೆ ಹೋಗಂಗಿಲ್ಲ." ಇನ್ನೊಮ್ಮೆ, "ಇಷ್ಟು ಮಂದಿ ಸತ್ರಲ್ಲವಾ, ಇವರನ್ನ ಯಾರು ತೊಳೀತಾರ?" ಎಂದು ಕೇಳಿದ.

"ಅದನ್ನ ತೋರ್ಸಂಗಿಲ್ಲ ತಾತಾ," ಎಂದಳು ಮೇಘಾ.

"ಅದ ಮತ್ತ ದೊಡ್ಡ ಕೆಲಸ," ಎಂದ.

ಮೂರನೆಯ ದಿನದಿಂದ ನಾನು ಹೋಗಲಿಲ್ಲ. ಮುಂದಿನದು ಮೇಘಾ ಹೇಳಿದ್ದು. ಬರುಬರುತ್ತ ತಾತ ತಪ್ಪು ಹಿಡಿಯುವುದನ್ನು ಬಿಟ್ಟನಂತೆ. ಬಿಳಿಗೂದಲಿನವನು ಕತ್ತಿ ಮಸೆಯುವಾಗಲೆಲ್ಲ ಮುಂದಕ್ಕೆ ಬಾಗುತ್ತಿದ್ದನಂತೆ. ಕಡೆಯ ಕಂತಿನಲ್ಲಿ ಒಕ್ಕಣ್ಣ ಸಿಗುತ್ತಾನೆ. ಮುದುಕನಾಗಿದ್ದಾನೆ, ಹೊಳೆಯ ದಂಡೆಯಲ್ಲಿ ಅಕ್ಕಿ ತೊಳೆಯುತ್ತಿದ್ದಾನೆ. ಹುಡುಗ ಒಂದು ಮಾತೂ ಆಡದೆ ತಲೆ ಹಾರಿಸುತ್ತಾನೆ. ಹೊಳೆ ಕೆಂಪಾಗುತ್ತದೆ, ಹಾಡು ಬರುತ್ತದೆ. ಗದ್ದೆಪ್ಪ, "ಹಿಂದಕ ತಗೋ" ಎಂದ. ಮೂರು ಸಲ ಅದನ್ನೇ ನೋಡಿದ.

"ಆಮ್ಯಾಲ ಇಂವ ಏನ್ ಮಾಡ್ತಾನ?"

"ಎರಡನೇ ಸೀಸನ್ ಇನ್ನಾ ಬಂದಿಲ್ಲ ತಾತಾ."

"ಸಣ್ಣ ಹುಡುಗ. ಅಂವ ಮಾಡಿ ಮುಗಿಸಿದ. ನಾ ಇನ್ನಾ ಮಸೀಲಿಕತ್ತೀನಿ," ಎಂದು ಎದ್ದು ಹೋದ. ಹುಡುಗಿಗೆ ಆ ಮಾತಿನ ಅರ್ಥ ಮನೆ ಮುಟ್ಟಿದ ಮೇಲೆ ಹೊಳೆಯಿತು. ನನ್ನ ಬಳಿ ಓಡಿ ಬಂದು ಹೇಳಿದಳು. ಬೆಳಿಗ್ಗೆ ಅಯ್ಯನವರಿಗೆ ತಿಳಿಸಿದರಾಯಿತು ಎಂದೆ. ಈ ಮಾತಿಗೆ ನಾನು ದೇವರ ಮುಂದೆ ಉತ್ತರ ಕೊಡಬೇಕಿದೆ.

ಬೆಳಿಗ್ಗೆ ಗದ್ದೆಪ್ಪ ಕೊಡಲಿಯನ್ನು ಗೊಬ್ಬರದ ಚೀಲದಲ್ಲಿ ಸುತ್ತಿ ಮೊದಲ ಬಸ್ಸಿಗೇ ಹೋಗಿಬಿಟ್ಟಿದ್ದ.

ಶೇಖರ ಹಿರೇಕೊಟ್ನೆಕಲ್ಲಿನ ಕಣದಲ್ಲಿ ಒಣಗಲು ಹರವಿದ ಭತ್ತವನ್ನು ಕಾಲಿನಿಂದ ಸಾಲು ಎಳೆದು ತಿರುವುತ್ತಿದ್ದ. ಕೊಡಲಿ ಕಂಡ, ಹಿಡಿದವನ ಮುಖ ಕಂಡ, ಗುರುತು ಹಿಡಿದ. ಓಡಬಹುದಿತ್ತು, ಓಡಲಿಲ್ಲ. "ನೀವು ಬರ್ತೀರಂತ ಗೊತ್ತಿತ್ತು" ಎಂದನಂತೆ. ಗದ್ದೆಪ್ಪ ಬೀಸಿದ. ಕುತ್ತಿಗೆಗೆ ಗುರಿಯಿಟ್ಟದ್ದು ಬಲ ತೋಳಿನ ಮೇಲ್ಗಡೆ ಎಲುಬಿನವರೆಗೆ ಇಳಿಯಿತು. ಶೇಖರ ಭತ್ತದ ಮೇಲೆ ಕುಸಿದ. ಗದ್ದೆಪ್ಪ ಎರಡನೆಯ ಏಟಿಗೆ ಕೊಡಲಿ ಎತ್ತಿದ, ಎಡಗೈಯಿಂದ ಅವನ ಭುಜ ಅದುಮಿ ಹಿಡಿದ. ಆ ಕೈ ಮೇಲೆ ರಕ್ತ ಹರಿಯಿತು.

ಎರಡನೆಯ ಏಟು ಬೀಳಲಿಲ್ಲ. ಕೊಡಲಿ ಬಿಸಾಕಿ, ಹೆಗಲ ಟವೆಲ್ಲನ್ನು ಗಾಯಕ್ಕೆ ತುರುಕಿ, ಚೀಲದ ದಾರದಿಂದ ತೋಳು ಬಿಗಿದು ಕಟ್ಟಿ, ಕಣದಲ್ಲಿದ್ದ ಟ್ರ್ಯಾಕ್ಟರಿನವನ ಮೇಲೆ ಕೂಗಾಡಿ, ಶೇಖರನನ್ನು ತೊಡೆಯ ಮೇಲೆ ಹಾಕಿಕೊಂಡು ಮಾನ್ವಿಗೆ ಬಂದ. ಅಲ್ಲಿಂದ ಆಂಬುಲೆನ್ಸಿನಲ್ಲಿ ರಾಯಚೂರಿಗೆ. ದಾರಿಯುದ್ದಕ್ಕೂ ಗಾಯದ ಮೇಲಿಂದ ಕೈ ತೆಗೆಯಲಿಲ್ಲ.

ಸಂಜೆ ಅಯ್ಯನವರೊಂದಿಗೆ ರಾಯಚೂರಿನ ಆಸ್ಪತ್ರೆಗೆ ಹೋದೆ. ಗದ್ದೆಪ್ಪ ಮೊಗಸಾಲೆಯಲ್ಲಿ ನೆಲದ ಮೇಲೆ ಕೂತಿದ್ದ, ಪಕ್ಕದಲ್ಲಿ ರಾಹಿಲ್ ಎಂಬ ಪೊಲೀಸು ಹುಡುಗ. ಅಂಗಿಯ ಮುಂಭಾಗವೆಲ್ಲ ಒಣಗಿ ಕಪ್ಪಾಗಿತ್ತು. ಒಳಗೆ ಶೇಖರ, ಕೊಡಲಿ ಜಾರಿ ನನಗೆ ನಾನೇ ಬಡಿದುಕೊಂಡೆ ಎಂದು ಹೇಳಿಕೆ ಕೊಟ್ಟಿದ್ದ. ಹೊರಗೆ ಇವನು, ನಾನೇ ಹೊಡೆದೆ, ಕೊಲ್ಲಲೆಂದೇ ಹೊಡೆದೆ ಎಂದಿದ್ದ. "ಯಾರ ಮಾತು ಬರ್ಕೊಳ್ಳೋದು ಅಮ್ಮಾ?" ಎಂದು ರಾಹಿಲ್ ನನ್ನನ್ನೇ ಕೇಳಿದ.

ಗದ್ದೆಪ್ಪ ಜೇಬಿನಿಂದ ನನ್ನ ಹಾಳೆ ತೆಗೆದ. ಒಂದು ಮೂಲೆ ರಕ್ತದಲ್ಲಿ ಅಂಟಿಕೊಂಡಿತ್ತು. ಒಂದು ಪ್ರಶ್ನೆಗೂ ಉತ್ತರ ಬರೆದಿರಲಿಲ್ಲ.

"ನೀವ ಬರ್ಕೊರ್ರಿ ಅಕ್ಕೋರ, ನಾ ಹೇಳ್ತೀನಿ."

ನಾನು ಹಾಳೆ ಇಸಿದುಕೊಂಡೆ.

"ಬಿಸಿ ಇತ್ರೀ," ಎಂದ. "ಮೂವತ್ತೊಂದು ವರ್ಷ ರಕ್ತದಾಗ ಕೈ ಅದ್ದೀನಿ, ಎಲ್ಲಾ ತಣ್ಣಗಿದ್ದದ್ದು. ನನ್ನ ಅನೀಲಂದೂ ನನ್ನ ಕೈಗೆ ಬರೂದ್ರಾಗ ತಣ್ಣಗಾಗಿತ್ತು. ಬಿಸಿ ರಕ್ತ ನಾ ಇವತ್ತ ಮುಟ್ಟಿದ್ದು. ಕೊಡಲಿ ಎತ್ತೀನಿ, ಕೈ ಮ್ಯಾಲ ಬಿಸಿ ಬಿಸಿ ಹರಿಯಾಕತ್ತದ. ಇದು ತಣ್ಣಗಾದ್ರ ಮತ್ತ ತೊಳಿಯಾಂವ ನಾನ ಅಂತ ಅನಿಸಿಬಿಡ್ತು." ಅವನು ಅತ್ತ. ಮಗನ ಮಣ್ಣಿನ ದಿನವೂ ಅವನು ಅಳಲಿಲ್ಲವೆಂದು ಕೇಳಿದ್ದೆ. ನಾನೂ ಅವನ ಪಕ್ಕ ನೆಲದ ಮೇಲೆ ಕೂತು ಅತ್ತೆ.

ಇಪ್ಪತ್ತು ದಿನ ಜೈಲಿನಲ್ಲಿದ್ದು ಜಾಮೀನಿನ ಮೇಲೆ ಬಂದ. ಕೇಸು ಇನ್ನೂ ನಡೆದಿದೆ. ಏಪ್ರಿಲ್ ಮೊದಲ ಭಾನುವಾರ ಸಭೆಯ ಮುಂದೆ ಅವನ ವರದಿ ಓದಿದವಳು ನಾನು. ಹೀಗಿತ್ತು: "ಆ ಕಾರ್ಟೂನು ನನ್ನನ್ನ ಕಳಿಸಿಲ್ಲ ಅಂದ್ರ ಸುಳ್ಳಾಗ್ತದ. ಕಳಿಸ್ತು. ಆದ್ರ ಕೊಡಲಿ ಅದು ಕೊಟ್ಟದ್ದಲ್ಲ, ನನ್ನ ಮನ್ಯಾಗ ಒಂಬತ್ತು ವರ್ಷದಿಂದ ಇತ್ತು. ಅದರಾಗ ಚಂದದ್ದೂ ಅದ, ಗೆಳೆಯನ ಸಲುವಾಗಿ ಸಾಯೋರು ಅದಾರ. ಇಲ್ಲದ್ದು ಒಂದ, ರಕ್ತಕ್ಕ ಬಿಸಿ ಇಲ್ಲ. ಮೇಘಾನ್ನ ತಗೀಬ್ಯಾಡ್ರಿ. ಅಕಿ ಕತಿ ಹೇಳ್ಲಿ. ಹೇಳಿದ ಮ್ಯಾಲ, ಸತ್ತವನ ಅವ್ವಗ ಯಾರು ಸುದ್ದಿ ಒಯ್ದ್ರು ಅಂತ ಹುಡುಗರಿಗೆ ಒಂದ ಮಾತು ಕೇಳ್ಲಿ." ಮೇಘಾ ಉಳಿದಳು. ನನ್ನ ಮೊಮ್ಮಗನಿಗೆ ಈಗ ಆ ಪ್ರಶ್ನೆಯ ಕಾಟ, ಆಟದಲ್ಲಿ ಒಬ್ಬನನ್ನೂ ನೆಮ್ಮದಿಯಿಂದ ಸಾಯಿಸಲು ಆಗುವುದಿಲ್ಲವಂತೆ.

ಅಂದೇ ಕರ್ತನ ಭೋಜನ. ಅಯ್ಯನವರು ಕಡೆಯ ಬೆಂಚಿನತ್ತ ನೋಡಿ ಕೇಳಿದರು, "ಗದ್ದೆಪ್ಪ, ಸಮಾಧಾನ ಆಗ್ಯಾದೇನು?"

ಅವನು ಎದ್ದು ನಿಂತ. "ಕ್ಷಮಾ ಮಾಡೀನೋ ಇಲ್ಲೋ ನನಗ ಗೊತ್ತಿಲ್ರಿ. ದಿನಾ ಮುಂಜಾನೆ ಹೋಗಿ ಅವನ ಭತ್ತ ತಿರುವಿ ಬರ್ತೀನಿ, ಅವನ ಬಲಗೈ ಏಳಂಗಿಲ್ಲ. ಇವತ್ತು ಊಟಕ್ಕ ಹೋಗ್ಲೇನು ಅಂತ ಅವನ್ನ ಕೇಳಿದೆ. ಹೋಗ್ರಿ ಯಪ್ಪಾ ಅಂದ."

ಅವನು ಬಂದು ಸಾಲಿನ ತುದಿಯಲ್ಲಿ ಮೊಣಕಾಲೂರಿದ. ಪಕ್ಕದಲ್ಲಿದ್ದ ಇಬ್ಬರು ಮೆಲ್ಲಗೆ ಸರಿದರು. ಅವರನ್ನು ಬೈಯುವ ಬಾಯಿ ನನಗಿರಲಿಲ್ಲ. ಎದ್ದು ಹೋಗಿ ಆ ಜಾಗದಲ್ಲಿ ಕೂತೆ. ಅವನು ಎರಡೂ ಕೈಯಲ್ಲಿ ಬಟ್ಟಲು ಹಿಡಿದು ಕುಡಿದ, ಬಹಳ ಹೊತ್ತು ಹಿಡಿದುಕೊಂಡೇ ಇದ್ದ. ಆಮೇಲೆ ನನ್ನ ಕಡೆ ಚಾಚಿದ. ತುಟಿಗಿಟ್ಟುಕೊಂಡೆ. ಬಟ್ಟಲು ಬೆಚ್ಚಗಿತ್ತು.