ಗೌಡರ ರೀಲಿಗೆ ಹೊಸ ದಾರ

ಮರೀಗೌಡರು ಗಾಳದ ದಾರವನ್ನು ಬೆರಳಿನಿಂದಲ್ಲ, ತುಟಿಯಿಂದ ಪರೀಕ್ಷಿಸುತ್ತಿದ್ದರು. ಹೆಬ್ಬಾಳದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೇತ್ ಮುಂದೆ ನಿಂತು ಅವರ ಬೆರಳ ತುದಿಗಳು ಜಡ್ಡುಗಟ್ಟಿದ್ದವು. ಸಣ್ಣ ಗೀರು ಅವಕ್ಕೆ ತಿಳಿಯುತ್ತಿರಲಿಲ್ಲ. ರೀಲಿನಿಂದ ದಾರ ಎಳೆದು, ಕಣ್ಣು ಮುಚ್ಚಿ, ಕೆಳದುಟಿಯ ಮೇಲೆ ನಿಧಾನವಾಗಿ ಹಾಯಿಸುವರು. ಆ ಹೊತ್ತಿನಲ್ಲಿ ಯಾರು ಕರೆದರೂ ಉತ್ತರವಿಲ್ಲ.

ಕುವೆಂಪುನಗರದಲ್ಲಿ ನಮ್ಮ ಹಿಂದಿನ ಮನೆ ಅವರದು. ನಿವೃತ್ತರಾದ ಮೇಲೆ ಭಾನುವಾರ ತಪ್ಪದೆ ಹೊಳೆಗೆ ಹೋಗುತ್ತಿದ್ದರು. ಜೊತೆಗೆ ನನ್ನ ಗಂಡ ರಘು. ನಮ್ಮ ಮನೆಯಲ್ಲಿ ಮೊಟ್ಟೆಯೂ ಬೇಯುವುದಿಲ್ಲ. "ತಿನ್ನದವರಿಗೆ ಮೀನು ಹಿಡಿಯೋ ಹುಚ್ಚು ಯಾಕೆ?" ಎಂದು ನಾನು ರೇಗಿದರೆ ಗೌಡರೇ ಉತ್ತರ ಕೊಡುವರು: "ಸಾರ್ ಹಿಡೀತಾರೆ, ನಾನು ತಿಂತೀನಿ. ಪಾಪ ಅರ್ಧರ್ಧ ಬುಡಮ್ಮ."

ಒಂದು ಶನಿವಾರ ಸಂಜೆ ರೀಲು ಹಿಡಿದುಕೊಂಡು ಬಂದರು. ರಘು ಇನ್ನೂ ಆಫೀಸಿನಿಂದ ಬಂದಿರಲಿಲ್ಲ. ಲಷ್ಕರ್ ಮೊಹಲ್ಲಾದಿಂದ ತಂದ ಹೊಸ ನೈಲಾನ್ ದಾರದ ಸುರುಳಿಯ ನಡುವೆ ಪೆನ್ಸಿಲ್ ತೂರಿಸಿ ನನ್ನ ಕೈಗಿತ್ತರು.

"ಹಳೇದು ಚೆನ್ನಾಗೇ ಇದೆಯಲ್ಲ ಗೌಡ್ರೇ?"

"ನೋಡಕ್ಕೆ ಚೆಂದಾಗೇ ಅದೆ ಕಣಮ್ಮ. ಬಿಸ್ಲಲ್ಲಿ ಒಣಗಿ ಒಣಗಿ ಒಳಗೇ ಸತ್ತೋಗದೆ." ಒಂದು ಮೊಳ ಎಳೆದು ಜಗ್ಗಿದರು. ಪಟ್ಟೆಂದು ತುಂಡಾಯಿತು.

ಹಳೆಯದನ್ನೆಲ್ಲ ಬಿಚ್ಚಿ ತೆಗೆದು, ಹೊಸದರ ತುದಿಯನ್ನು ರೀಲಿಗೆ ಗಂಟು ಹಾಕಿ, ಹಿಡಿ ತಿರುಗಿಸತೊಡಗಿದರು. ನಾನು ಹೆಬ್ಬೆರಳಿನಿಂದ ಸುರುಳಿಯನ್ನು ಒತ್ತಿ ಹಿಡಿದಿರಬೇಕು. ಒಲೆಯ ಮೇಲೆ ಸಾರಿತ್ತು. ಗಮನ ಅತ್ತ ಹೋಗಿ ಕೈ ಸಡಿಲಾಯಿತು. ಗೌಡರು ತಕ್ಷಣ ನಿಲ್ಲಿಸಿ ಸುತ್ತಿದ್ದನ್ನೆಲ್ಲ ಬಿಚ್ಚಿಬಿಟ್ಟರು.

"ಬಿಗಿಯಾಗಿ ಇಡ್ಕೊಳಮ್ಮ. ಸಡ್ಲ ಸುತ್ತುದ್ರೆ ಎಸ್ಯೋ ಒತ್ನಲ್ಲಿ ಸಿಕ್ಕಾಕೊತದೆ."

ಸಾರು ಉಕ್ಕಿತು. ಮನಸ್ಸಿನಲ್ಲೇ ಬೈದುಕೊಂಡು ಮತ್ತೆ ಮೊದಲಿನಿಂದ ಹಿಡಿದೆ.

ಮರುದಿನ ಚಿತ್ರಾನ್ನ ಕಟ್ಟಿಕೊಂಡು ನಾನೂ ಹೋಗಿದ್ದೆ. ರಘು ಮೊಣಕಾಲುದ್ದದ ನೀರು ದಾಟಿ ಹೊಳೆ ನಡುವಿನ ಬಂಡೆಯ ಮೇಲೆ ಕೂತಿದ್ದರು. ಮೇಲೆಲ್ಲೋ ಮಳೆ ಬಿದ್ದಿತ್ತೇನೋ, ನೋಡನೋಡುತ್ತ ನೀರು ಕೆಂಪಾಗಿ ಏರತೊಡಗಿತು. ಅವರು ಎದ್ದು ಗಾಳ, ಬುಟ್ಟಿ ಎತ್ತಿಕೊಳ್ಳುವಷ್ಟರಲ್ಲಿ ದಾರಿಯೇ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಬಂಡೆಯ ಮೇಲೆ ಎರಡು ಪಾದ ಊರುವಷ್ಟೇ ಜಾಗ ಉಳಿಯಿತು.

ನಾನು ಕಿರುಚುತ್ತ ನೀರಿಗಿಳಿಯಲು ಹೋದೆ. ಗೌಡರು ತೋಳು ಹಿಡಿದು ಹಿಂದಕ್ಕೆಳೆದರು.

"ನೀನೂ ಇಳುದ್ರೆ ಇಬ್ರುನ್ನ ಹುಡುಕ್ಬೇಕಾಯ್ತದೆ. ಆ ತೆಪ್ಪದ ಹಗ್ಗ ಬಿಚ್ಕೊಂಡ್ ಬಾರವ್ವ, ಓಗು!"

ದಡದಲ್ಲಿ ಮಗುಚಿದ್ದ ತೆಪ್ಪದಿಂದ ಹಗ್ಗ ಬಿಚ್ಚಿ ತರುವಷ್ಟರಲ್ಲಿ ಗೌಡರು ತಮ್ಮ ಗಾಳದ ಕೊಕ್ಕೆ ಕತ್ತರಿಸಿ, ದಾರಕ್ಕೆ ಸೀಸದ ಗುಂಡು ಕಟ್ಟಿ ಬೀಸಿದ್ದರು. ಮೊದಲ ಎಸೆತ ಸೆಳವಿಗೆ ಸಿಕ್ಕಿತು. ಸುತ್ತಿಕೊಂಡು ಮತ್ತೆ ಬೀಸಿದರು. ಈ ಸಲ ದಾರ ಸರ್ರನೆ ಬಿಚ್ಚಿಕೊಂಡು ಹೋಗಿ ರಘು ಅವರ ಹೆಗಲ ಮೇಲೆ ಬಿತ್ತು. ಈಚೆಯ ತುದಿಯನ್ನು ಕತ್ತರಿಸಿ ಹಗ್ಗಕ್ಕೆ ಬಿಗಿದ ಗೌಡರು, "ನಿಧಾನುಕ್ಕೆ ಎಳ್ಕೊಳಿ ಸಾರ್, ಜಗ್ಬೇಡಿ!" ಎಂದು ಕೂಗಿದರು. ದಾರ ಬಂಡೆಯ ಅಂಚಿಗೆ ಉಜ್ಜುತ್ತಿತ್ತು. ಕೊನೆಗೂ ಹಗ್ಗ ಅವರ ಕೈ ಸೇರಿತು.

ರಘು ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಂಡರು. ಇತ್ತ ಹೊಂಗೆಮರಕ್ಕೆ ಒಂದು ಸುತ್ತು ಹಾಕಿ ನಾವಿಬ್ಬರೂ ಎಳೆದೆವು. ಒಮ್ಮೆ ಮುಳುಗಿದರು. ಎದ್ದರು. ದಡದ ಕೆಸರಿನಲ್ಲಿ ಬಿದ್ದು, ಕೆಮ್ಮಿ, ನೀರು ಕಾರಿ, ಕೊನೆಗೆ ಆಡಿದ ಮೊದಲ ಮಾತು: "ಕನ್ನಡಕ ಹೋಯ್ತು ಕಣೇ."

ನಾನು ನಗುತ್ತಲೇ ಅತ್ತೆ. ಗೌಡರು ಮಾತ್ರ ಮರಕ್ಕೆ ಒರಗಿ ಕೂತು ಚಿತ್ರಾನ್ನದ ಡಬ್ಬಿ ಕೊಡು ಎಂದು ಕೈ ಚಾಚಿದರು. 

ಹೋದ ವರ್ಷ ಅವರು ನಿದ್ದೆಯಲ್ಲೇ ತೀರಿಕೊಂಡರು. ಅದಕ್ಕೆ ಎರಡು ದಿನ ಮುಂಚೆ ನಮ್ಮಲ್ಲಿ ಕಾಫಿಗೆ ಕೂತಿದ್ದಾಗ ಕೇಳಿದೆ: "ಅವತ್ತು ಹೊಳೇಲಿ ದಾರ ಎರಡನೇ ಸಲಾನೂ ತಪ್ಪಿದ್ರೆ ಏನ್ಮಾಡ್ತಿದ್ರಿ ಗೌಡ್ರೇ?"

"ನಾನೇ ಇಳ್ದ್‌ಬುಡ್ತಿದ್ದೆ."

"ಅಷ್ಟು ಚೆನ್ನಾಗಿ ಈಜ್ತೀರಾ?"

ಗೌಡರು ಲೋಟದೊಳಗೆ ನೋಡಿಕೊಂಡು, ತಪ್ಪು ಮಾಡಿದವರ ಹಾಗೆ ನಕ್ಕರು.

"ನಂಗೆಲ್ಲಿ ಈಜು ಬತ್ತದೆ ಕಣಮ್ಮ?"

ನಾನು ಒಳಗೆ ಹೋಗಿ ಅವರಿಗೆ ಇನ್ನೊಂದು ಲೋಟ ಕಾಫಿ ತಂದೆ.